ಹಲಗೆ ನೆಲ ಬೇಕೆ? ಮೊದಲು ಮನೆಯ ಬಕೆಟ್ ನೋಡಿ

ಪ್ರಶ್ನೆ: ನಮ್ಮದು ಮೂವತ್ತು ವರ್ಷದ ಹಿಂದೆ ಕಟ್ಟಿಸಿದ ಮನೆ. ಕೆಳಗೆ ಹಾಲ್, ಅಡುಗೆಮನೆ, ದೇವರಮನೆ, ಎರಡು ರೂಮು. ಮೇಲೆ ಎರಡು ರೂಮು. ಎಲ್ಲ ಕಡೆ ಮೊಸಾಯಿಕ್ ನೆಲ. ಈಗ ಮಂಕಾಗಿದೆ, ಹಾಲ್‌ನಲ್ಲಿ ಎರಡು ಕಡೆ ಕೂದಲೆಳೆಯಂಥ ಬಿರುಕು ಬಂದಿದೆ. ಬೆಂಗಳೂರಿನಲ್ಲಿರುವ ಮಗ, ಸೊಸೆ ಇಡೀ ಮನೆಗೆ ವುಡನ್ ಫ್ಲೋರಿಂಗ್ ಮಾಡಿಸೋಣ, ಖರ್ಚು ನಮ್ಮದು ಅಂತಿದ್ದಾರೆ. ಹಳೇ ನೆಲ ಒಡೆಯೋದೇ ಬೇಡವಂತೆ. ಮೊಳೆ ಇಲ್ಲ, ಗೋಂದು ಇಲ್ಲ, ನೆಲದ ಮೇಲೇ ಹಲಗೆ ಜೋಡಿಸಿ ಹೋಗ್ತಾರಂತೆ. ಅಂಗಡಿಯವರು ಒಂದು ರೂಮು ಒಂದೇ ದಿನದಲ್ಲಿ ಮುಗಿಯುತ್ತೆ, ನೀರು ಬಿದ್ದರೂ ಏನೂ ಆಗಲ್ಲ, ಇಪ್ಪತ್ತು ವರ್ಷ ವಾರಂಟಿ ಅಂದರಂತೆ. ನಮ್ಮತ್ತೆಗೆ ಎಂಬತ್ತು ದಾಟಿದೆ, ಮಂಡಿನೋವು. ಮಳೆಗಾಲದಲ್ಲಿ ನೆಲದ ಥಂಡಿ ತಡೆಯಲ್ಲ ಅಂತಾರೆ. ಅವರಿಗೂ ಅನುಕೂಲ ಆಗುತ್ತೆ ಅನ್ನೋದು ಮಗನ ವಾದ. ನಮ್ಮೆಜಮಾನರು ಮಾತ್ರ, ಗಟ್ಟಿ ನೆಲದ ಮೇಲೆ ಕಾಗದ ಹಾಸೋಕೆ ಲಕ್ಷಗಟ್ಟಲೆ ಯಾಕೆ ಸುರೀಬೇಕು ಅಂತ ಗೊಣಗ್ತಾರೆ. ನನಗೆ ನೋಡೋಕೆ ಇಷ್ಟ, ಒಳಗೊಳಗೇ ಭಯ. ದಿನಾ ಎರಡು ಹೊತ್ತು ನೆಲ ಒರೆಸೋಳು ನಾನು, ಶುಕ್ರವಾರ ದೇವರಮನೆ, ಹಾಲ್ ನೀರು ಹಾಕಿ ತೊಳೆಯೋಳೂ ನಾನೇ. ಬೇಡ ಅಂದರೆ ಮಗ ಬೇಜಾರು ಮಾಡ್ಕೊಳ್ತಾನೆ. ಏನು ಮಾಡಲಿ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಶುಕ್ರವಾರ ನೀರು ಹಾಕಿ ತೊಳೆಯುತ್ತೀರಿ ಎಂದು ಬರೆದಿದ್ದೀರಲ್ಲ, ನನ್ನ ಉತ್ತರ ಅಲ್ಲೇ ಸಿಕ್ಕಿಬಿಟ್ಟಿತು. ಕೆಳಗಿನ ಮನೆಗೆ ಹಲಗೆ ನೆಲ ಬೇಡ. ಮೇಲಿನ ಎರಡು ರೂಮಿಗೆ ಹಾಕಿಸಬಹುದು, ಆದರೆ ಈಗಲೇ ಅಲ್ಲ. ಕಾರಣಗಳನ್ನು ಬಿಡಿಸಿ ಹೇಳುತ್ತೇನೆ, ಮಗನಿಗೂ ಓದಿಸಿ.

ಮೊದಲು ಅಂಗಡಿಯವರು ಮಾರುತ್ತಿರುವುದು ಏನನ್ನು ಎಂದು ನೋಡೋಣ. ವುಡನ್ ಫ್ಲೋರಿಂಗ್ ಎಂಬ ಒಂದೇ ಹೆಸರಿನಡಿ ಅಂಗಡಿಯಲ್ಲಿ ಮೂರು ಬೇರೆ ಬೇರೆ ಸರಕು ಇರುತ್ತವೆ. ಒಂದು ಲ್ಯಾಮಿನೇಟ್. ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಗಟ್ಟಿ ಹಲಗೆ, ಅದರ ಮೇಲೆ ತೇಗವೋ ಓಕೋ ಅನ್ನಿಸುವಂತೆ ಅಚ್ಚು ಹಾಕಿದ ಕಾಗದ, ಅದರ ಮೇಲೆ ಗೀರು ಬೀಳದಂಥ ಪಾರದರ್ಶಕ ಪದರ. ನಿಮ್ಮ ಯಜಮಾನರು ಕಾಗದ ಎಂದದ್ದರಲ್ಲಿ ಅರ್ಧ ಸತ್ಯವಿದೆ. ಇನ್ನೊಂದು ಎಂಜಿನಿಯರ್ಡ್ ವುಡ್. ಇದರಲ್ಲಿ ಕೆಳಗೆ ಪ್ಲೈವುಡ್, ಮೇಲೆ ಎರಡರಿಂದ ನಾಲ್ಕು ಮಿಲಿಮೀಟರ್ ನಿಜವಾದ ಮರ. ಮೂರರಲ್ಲಿ ಇದೇ ದುಬಾರಿ. ಮೂರನೆಯದು ಎಸ್‌ಪಿಸಿ. ಸುಣ್ಣದಕಲ್ಲಿನ ಪುಡಿ ಮತ್ತು ಪಿವಿಸಿ ಬೆರೆಸಿ ಮಾಡಿದ ನಾಲ್ಕರಿಂದ ಆರು ಮಿಲಿಮೀಟರ್ ದಪ್ಪದ ಪಟ್ಟಿ. ಅದರಲ್ಲಿ ಮರದ ಸುಳಿವೇ ಇಲ್ಲ, ಮರದ ಚಿತ್ರ ಮಾತ್ರ ಇದೆ. ನೀರು ಬಿದ್ದರೂ ಏನೂ ಆಗಲ್ಲ ಎಂಬ ಮಾತು ಸಲ್ಲುವುದು ಈ ಮೂರನೆಯದಕ್ಕೆ. ನಿಮ್ಮ ಮಗನಿಗೆ ಬೆಲೆ ಹೇಳಿದ್ದು ಒಂದರದ್ದು, ಗುಣ ಹೇಳಿದ್ದು ಇನ್ನೊಂದರದ್ದು ಆಗಿರಬಹುದು. ಕೊಟೇಶನ್‌ನಲ್ಲಿ ಮೂರರಲ್ಲಿ ಯಾವುದು ಎಂದು ಹೆಸರು ಹಿಡಿದು ಬರೆಸಿಕೊಳ್ಳಿ.

ಜೋಡಿಸುವ ರೀತಿ ಮೂರಕ್ಕೂ ಸಾಮಾನ್ಯವಾಗಿ ಒಂದೇ. ಹಲಗೆಯ ಅಂಚಿನಲ್ಲಿ ಕೊಕ್ಕೆಯಂಥ ಕೊರೆತ ಇರುತ್ತದೆ, ಒಂದಕ್ಕೊಂದು ಟಕ್ಕೆಂದು ಸಿಕ್ಕಿಕೊಳ್ಳುತ್ತದೆ. ಹೀಗೆ ಸಿಕ್ಕಿಕೊಂಡ ಇಡೀ ರೂಮಿನ ಹಲಗೆ ಒಂದೇ ಹಾಳೆಯಂತೆ ತೆಳು ಫೋಮಿನ ಮೇಲೆ ಕೂರುತ್ತದೆ. ನೆಲಕ್ಕೂ ಗೋಡೆಗೂ ಅದಕ್ಕೂ ಸಂಬಂಧವಿಲ್ಲ. ಮರವಿರುವ ಹಲಗೆ ಮಳೆಗಾಲದಲ್ಲಿ ಗಾಳಿಯ ತೇವ ಕುಡಿದು ಹಿಗ್ಗಬೇಕು, ಬೇಸಿಗೆಯಲ್ಲಿ ಕುಗ್ಗಬೇಕು, ಅದಕ್ಕಾಗಿ ಗೋಡೆಯ ಸುತ್ತ ಎಂಟರಿಂದ ಹತ್ತು ಮಿಲಿಮೀಟರ್ ಜಾಗ ಬಿಟ್ಟು ಸ್ಕರ್ಟಿಂಗ್‌ನಿಂದ ಮುಚ್ಚುತ್ತಾರೆ. ಆ ಜಾಗ ಬಿಡದ ಕೆಲಸಗಾರ ಬಂದರೆ ಮೊದಲ ಮಳೆಗಾಲದಲ್ಲೇ ರೂಮಿನ ನಡುವೆ ನೆಲ ಉಬ್ಬಿ ನಿಲ್ಲುತ್ತದೆ.

ಲ್ಯಾಮಿನೇಟ್ ನೆಲ ಹುಟ್ಟಿದ್ದು ಸ್ವೀಡನ್ನಿನಲ್ಲಿ, 1977ರಲ್ಲಿ, ಪರ್ಸ್ಟಾರ್ಪ್ ಎಂಬ ಕಂಪನಿಯಲ್ಲಿ. ಆಗ ಹಲಗೆಗಳ ಅಂಚಿಗೆ ಅಂಟು ಹಚ್ಚಿ ಸೇರಿಸುತ್ತಿದ್ದರು. ಅಂಟಿಲ್ಲದೆ ಸಿಕ್ಕಿಸುವ ವಿಧಾನ ಬಂದದ್ದು 1990ರ ದಶಕದ ಎರಡನೇ ಅರ್ಧದಲ್ಲಿ. ಅಲ್ಲಿಯ ಮನೆಗಳಲ್ಲಿ ವರ್ಷದ ಬಹುಭಾಗ ಹೀಟರ್ ಉರಿಯುತ್ತದೆ, ಒಳಗಿನ ಗಾಳಿ ಒಣಗಿರುತ್ತದೆ. ನೆಲಕ್ಕೆ ಬಕೆಟ್ ಸುರಿಯುವ ಪದ್ಧತಿಯೂ ಇಲ್ಲ. ನಮ್ಮ ಮನೆಗಳ ಲೆಕ್ಕವೇ ಬೇರೆ. ಬೆಳಗ್ಗೆ ಹೊಸ್ತಿಲು ತೊಳೆದು ರಂಗೋಲಿ ಹಾಕುವಾಗ ಒಂದಿಷ್ಟು ನೀರು ಒಳಕ್ಕೆ ಹರಿಯುತ್ತದೆ. ಸ್ನಾನ ಮುಗಿಸಿದವರು ಒದ್ದೆ ಕಾಲಲ್ಲೇ ದೇವರಮನೆಗೆ ಹೋಗುತ್ತಾರೆ. ನೆಲ ಒರೆಸುವುದು ಎಂದರೆ ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ, ಅರ್ಧ ಹಿಂಡಿ, ಮೂಲೆಯಿಂದ ಎಳೆದುಕೊಂಡು ಬರುವುದು. ಈ ಯಾವುದೂ ತಪ್ಪಲ್ಲ. ಮೊಸಾಯಿಕ್, ಶಹಾಬಾದ್ ಕಲ್ಲು, ಕೆಂಪು ಗಾರೆಯ ನೆಲ ಎಲ್ಲವೂ ಈ ಬಾಳಿಗೆ ಹೊಂದಿಕೊಂಡೇ ಬಂದವು. ಎಷ್ಟೋ ಹಳೇ ಮನೆಗಳಲ್ಲಿ ತೊಳೆದ ನೀರು ತಾನಾಗಿ ಬಾಗಿಲ ಕಡೆ ಹೋಗಲಿ ಎಂದು ನೆಲಕ್ಕೆ ಕಂಡೂ ಕಾಣದಷ್ಟು ಇಳಿಜಾರು ಕೊಟ್ಟಿರುತ್ತಾರೆ.

ಲ್ಯಾಮಿನೇಟಿನ ಮೇಲ್ಮೈಗೆ ನೀರು ಬಿದ್ದು ತಕ್ಷಣ ಒರೆಸಿದರೆ ಏನೂ ಆಗದು, ಅಂಗಡಿಯವರು ಅಷ್ಟು ಸುಳ್ಳು ಹೇಳಿಲ್ಲ. ತೊಂದರೆ ಇರುವುದು ಸಂದಿನಲ್ಲಿ. ಎರಡು ಹಲಗೆ ಕೂಡುವಲ್ಲಿ ದಿನವೂ ಇಷ್ಟಿಷ್ಟೇ ನೀರು ಇಳಿದರೆ ಒಳಗಿನ ಮರದ ನಾರು ಅದನ್ನು ಹೀರಿ ದಪ್ಪವಾಗುತ್ತದೆ, ಅಂಚು ಸಣ್ಣ ದಿಣ್ಣೆಯಂತೆ ಮೇಲೇಳುತ್ತದೆ. ನೀರು ಒಣಗಿದ ಮೇಲೆ ಅದು ಮತ್ತೆ ಮೊದಲಿನಂತೆ ಆಗುವುದಿಲ್ಲ. ನಿಜವಾದ ಮರದಂತೆ ಉಜ್ಜಿ ಸಮ ಮಾಡೋಣ ಎಂದರೆ ಮೇಲಿರುವುದು ಚಿತ್ರದ ಕಾಗದ, ಉಜ್ಜಿದರೆ ಅದೇ ಹೋಗುತ್ತದೆ. ಹಲಗೆಯನ್ನೇ ಬದಲಾಯಿಸಬೇಕು. ನಡುವಿನ ಹಲಗೆ ಬದಲಾಯಿಸಲು ಹತ್ತಿರದ ಗೋಡೆಯಿಂದ ಅಲ್ಲಿಯವರೆಗೆ ಎಲ್ಲವನ್ನೂ ಬಿಚ್ಚಬೇಕು. ಅಷ್ಟು ಹೊತ್ತಿಗೆ ಅದೇ ಡಿಸೈನು ಮಾರುಕಟ್ಟೆಯಲ್ಲಿ ಇರುವುದೂ ಅನುಮಾನ. ಹಾಗಾಗಿ ಎಲ್ಲೇ ಹಾಕಿಸಿದರೂ ಎರಡು ಬಾಕ್ಸ್ ಹೆಚ್ಚುವರಿ ಕೊಂಡು ಮಂಚದಡಿ ಇಟ್ಟುಕೊಳ್ಳುವುದು ಒಳ್ಳೆಯದು.

ವಾರಂಟಿ ಕಾರ್ಡನ್ನು ಮಗನಿಂದ ಪೂರ್ತಿ ಓದಿಸಿ. ಇಪ್ಪತ್ತು ವರ್ಷ ಎಂಬುದು ಸಾಮಾನ್ಯವಾಗಿ ಮೇಲಿನ ಪದರ ಸವೆಯುವುದಕ್ಕೆ ಸಂಬಂಧಿಸಿದ್ದು. ನಿಂತ ನೀರು, ಕೆಳಗಿನಿಂದ ಬರುವ ತೇವ, ಗೆದ್ದಲು ಎಲ್ಲ ಹೊರಗಿಟ್ಟ ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತವೆ. ನಮಗೆ ಬರುವ ತೊಂದರೆಗಳೆಲ್ಲ ಆ ಪಟ್ಟಿಯಲ್ಲೇ ಇರುವುದು ವಿಚಿತ್ರ ಕಾಕತಾಳೀಯ!

ಹಾಗಾದರೆ ಕೆಳಗೆ ಎಸ್‌ಪಿಸಿ ಹಾಕಿಸೋಣ ಎಂದು ಮಗ ಹೇಳಬಹುದು. ನ್ಯಾಯವಾದ ಮಾತೇ. ಎಸ್‌ಪಿಸಿ ಹಲಗೆಗೆ ನೀರಿನಿಂದ ಏನೂ ಆಗುವುದಿಲ್ಲ, ಗೆದ್ದಲಿಗೆ ಅದರಲ್ಲಿ ತಿನ್ನಲು ಏನೂ ಇಲ್ಲ. ಆದರೆ ನೀವು ಶುಕ್ರವಾರ ಸುರಿದ ನೀರು ಹಲಗೆಗೆ ತೊಂದರೆ ಕೊಡದೆ ಗೋಡೆಯ ಪಕ್ಕದ ಸಂದಿನಿಂದ ಕೆಳಗಿಳಿದು ಮೊಸಾಯಿಕ್ಕಿನ ಮೇಲೆ ಕೂರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮೂರಿನಲ್ಲಿ ತಂತಿಯ ಮೇಲೆ ಹಾಕಿದ ಬಟ್ಟೆಯೇ ಒಣಗುವುದಿಲ್ಲ, ಹಲಗೆಯಡಿಯ ನೀರು ಹೇಗೆ ಒಣಗೀತು? ಹಲಗೆ ಚೆನ್ನಾಗಿಯೇ ಇರುತ್ತದೆ, ರೂಮಿಗೆ ಮಾತ್ರ ಬೂಷ್ಟಿನ ವಾಸನೆ. ಪಶ್ಚಿಮದ ದೊಡ್ಡ ಕಿಟಕಿಯಿಂದ ನೇರ ಬಿಸಿಲು ಬೀಳುವ ಕಡೆ ಎಸ್‌ಪಿಸಿಗೆ ಇನ್ನೊಂದು ತಾಪತ್ರಯವಿದೆ. ಅದರಲ್ಲಿರುವ ಪ್ಲಾಸ್ಟಿಕ್ಕು ಬಿಸಿಗೆ ಹಿಗ್ಗುತ್ತದೆ, ಜಾಗ ಸಾಲದಿದ್ದರೆ ಸಂದುಗಳು ಮೇಲೇಳುತ್ತವೆ. ಒಟ್ಟಿನಲ್ಲಿ ಕೆಳಗೆ ಎಸ್‌ಪಿಸಿ ಹಾಕಿಸಬೇಕಾದರೆ ನೀರು ಸುರಿದು ತೊಳೆಯುವುದನ್ನು ನೀವು ಬಿಡಬೇಕು. ಬಿಡುತ್ತೀರಾ? ನನಗೆ ನಂಬಿಕೆಯಿಲ್ಲ, ಬಿಡಿ ಎಂದು ಹೇಳಲು ಮನಸ್ಸೂ ಇಲ್ಲ.

ಕೆಳಗಿನ ಮನೆಗೆ ಬೇಡ ಎನ್ನಲು ಇನ್ನೊಂದು ಕಾರಣ ನೆಲದೊಳಗೇ ಇದೆ. ಮೂವತ್ತು ವರ್ಷದ ಹಿಂದೆ ಕಟ್ಟಿದ ಮನೆಗಳ ನೆಲದಡಿ ತೇವ ತಡೆಯಲು ಪ್ಲಾಸ್ಟಿಕ್ ಹಾಳೆ ಹಾಸಿದ್ದು ಅಪರೂಪ. ಭೂಮಿಯ ತೇವ ಕಾಂಕ್ರೀಟಿನ ಮೂಲಕ ಮೇಲೆ ಬಂದು ಮೊಸಾಯಿಕ್ಕಿನಿಂದ ಗಾಳಿಗೆ ಹೋಗುತ್ತಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಮುಚ್ಚಿದರೆ ಆ ತೇವ ಅಲ್ಲೇ ನಿಲ್ಲುತ್ತದೆ. ಪರೀಕ್ಷೆ ಮಾಡುವುದು ಸುಲಭ: ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಮಳೆಗಾಲದಲ್ಲಿ ಒಣ ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಚ್ಚಿ ಅಂಟಿಸಿ, ಒಂದು ದಿನ ಬಿಟ್ಟು ತೆಗೆದು ನೋಡಿ. ಹಾಳೆಯ ಅಡಿಯಲ್ಲಿ ಹನಿ ಕೂತಿದ್ದರೆ ಅಥವಾ ಆ ಜಾಗ ಮಾತ್ರ ಕಪ್ಪಾಗಿ ಕಂಡರೆ ಲ್ಯಾಮಿನೇಟಿನ ಮಾತು ಅಲ್ಲಿಗೆ ಮುಗಿಯಿತು. ಫೋಮಿನಡಿ ಪಾಲಿಥೀನ್ ಹಾಸಿಕೊಡುತ್ತೇವೆ ಎನ್ನುತ್ತಾರೆ. ಹಾಸಲೇಬೇಕು, ನಿಜ. ಆದರೆ ಅದು ಅಷ್ಟಿಷ್ಟು ತೇವಕ್ಕೆ ಸಾಕು, ಮಲೆನಾಡಿನ ಅಂಚಿನ ಮಳೆಗಾಲಕ್ಕೆ ಅದನ್ನೇ ನಂಬಿ ಕೂರಲಾಗದು.

ಗೆದ್ದಲಿನ ಬಗ್ಗೆ ನೀವು ಏನೂ ಬರೆದಿಲ್ಲ. ಬಾಗಿಲ ಚೌಕಟ್ಟಿನ ಬುಡದಲ್ಲಿ, ಹಳೇ ಗೋಡೆ ಕಪಾಟಿನ ಹಿಂದೆ ಮಣ್ಣಿನ ಗೆರೆ ಕಂಡಿದ್ದೀರಾ ನೋಡಿ. ಕಟ್ಟಿದ ಮನೆಗೆ ಗೆದ್ದಲು ಔಷಧಿ ಕೊಡುವಾಗ ಗೋಡೆ ಮತ್ತು ನೆಲ ಕೂಡುವ ಕಡೆ ಸಾಲಾಗಿ ತೂತು ಕೊರೆದು ಒಳಗೆ ಬಿಡುತ್ತಾರೆ. ಹಲಗೆ ಹಾಸಿದ ಮೇಲೆ ಅದು ಬೇಕಾಯಿತೆಂದರೆ ಅಂಚಿನ ಹಲಗೆಗಳನ್ನು ಕೀಳಬೇಕಾಗುತ್ತದೆ. ಲ್ಯಾಮಿನೇಟಿನ ಕೆಳಗೆ ಕತ್ತಲು, ತೇವ, ಮರದ ನಾರು ಮೂರೂ ಒಟ್ಟಿಗೆ ಇರುತ್ತವೆ. ಗೆದ್ದಲಿಗೆ ಇದಕ್ಕಿಂತ ಒಳ್ಳೆಯ ಛತ್ರ ಇನ್ನೊಂದಿಲ್ಲ.

ಈಗ ನಿಮ್ಮತ್ತೆಯವರ ವಿಷಯ. ಮಗನ ವಾದದಲ್ಲಿ ಅಂತಃಕರಣ ಇದೆ, ಹಾಗಾಗಿ ಇದಕ್ಕೆ ಸ್ವಲ್ಪ ನಿಧಾನವಾಗಿ ಉತ್ತರಿಸುತ್ತೇನೆ. ಒಂದೇ ರೂಮಿನಲ್ಲಿ ಮೊಸಾಯಿಕ್ ನೆಲವೂ ಮರದ ಮಣೆಯೂ ಒಂದೇ ಉಷ್ಣಾಂಶದಲ್ಲಿ ಇರುತ್ತವೆ. ಕಲ್ಲು, ಸಿಮೆಂಟು ಅಂಗಾಲಿನ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತವೆ, ಮರ ನಿಧಾನವಾಗಿ ಎಳೆದುಕೊಳ್ಳುತ್ತದೆ. ನಮ್ಮ ಕಾಲಿಗೆ ಥಂಡಿ ಎನಿಸುವುದು ಈ ವ್ಯತ್ಯಾಸ. ಆದ್ದರಿಂದ ಲ್ಯಾಮಿನೇಟ್ ಅಥವಾ ಎಂಜಿನಿಯರ್ಡ್ ವುಡ್ ಮೇಲೆ ಕಾಲಿಗೆ ಹಿತ ಎನಿಸುವುದು ನಿಜ. ಎಸ್‌ಪಿಸಿಯಲ್ಲಿ ಕಲ್ಲಿನ ಪುಡಿಯೇ ಹೆಚ್ಚು, ಹಾಗಾಗಿ ಆ ಹಿತವೂ ಕಡಿಮೆ. ಮಂಡಿಯ ಮಾತು ಬೇರೆ. ಎರಡು ಮಿಲಿಮೀಟರ್ ಫೋಮಿನಿಂದ ಎಂಬತ್ತು ದಾಟಿದ ಮಂಡಿಗೆ ದೊಡ್ಡ ಉಪಕಾರ ಆಗುತ್ತದೆ ಎಂದು ನಾನು ಹೇಳಲಾರೆ.

ಅವರ ವಯಸ್ಸಿನಲ್ಲಿ ಥಂಡಿಗಿಂತ ಹೆಚ್ಚು ಹೆದರಬೇಕಾದ್ದು ಬೀಳುವುದಕ್ಕೆ. ಹಲಗೆ ಎಂಟು ಮಿಲಿಮೀಟರ್, ಫೋಮು ಎರಡು, ಒಟ್ಟು ಒಂದು ಸೆಂಟಿಮೀಟರ್ ನೆಲ ಮೇಲೇರುತ್ತದೆ. ಹಾಕಿದ ರೂಮಿಗೂ ಹಾಕದ ಬಚ್ಚಲು, ಅಡುಗೆಮನೆಗೂ ನಡುವೆ ಆ ಒಂದು ಸೆಂಟಿಮೀಟರಿನ ಮೆಟ್ಟಿಲು ಉಳಿಯುತ್ತದೆ. ಅದರ ಮೇಲೆ ಲೋಹದ ಪಟ್ಟಿ ಕೂರಿಸಿ ಇಳಿಜಾರು ಮಾಡುತ್ತಾರಾದರೂ, ಕಾಲೆಳೆದು ನಡೆಯುವವರಿಗೆ, ಕೋಲು ಅಥವಾ ವಾಕರ್ ಹಿಡಿದವರಿಗೆ ರಾತ್ರಿ ಹೊತ್ತು ಅದು ತೊಡಕೇ. ಒದ್ದೆ ಕಾಲಿಗೆ, ಕಾಲುಚೀಲ ಹಾಕಿದ ಕಾಲಿಗೆ ಲ್ಯಾಮಿನೇಟ್ ಜಾರುತ್ತದೆ ಕೂಡ. ಅತ್ತೆಯವರಿಗೆ ಹಿಂದೆ ಪಟ್ಟಿಯಿರುವ, ತಳ ಜಾರದ ಒಂದು ಜೊತೆ ಮನೆ ಚಪ್ಪಲಿ ಕೊಡಿಸಿ. ಮಂಚದ ಪಕ್ಕದಲ್ಲಿ ರಬ್ಬರ್ ತಳದ ಮ್ಯಾಟ್ ಹಾಕಿ. ಜಮಖಾನ ಹಾಸಬೇಡಿ, ನುಣುಪು ನೆಲದ ಮೇಲೆ ಅದೇ ಜಾರುಬಂಡಿ. ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ಉರಿಯುವ ಸಣ್ಣ ದೀಪ, ಬಚ್ಚಲಲ್ಲಿ ಗೋಡೆಗೆ ಹಿಡಿಕೆ. ಇಡೀ ಮನೆಗೆ ಹಲಗೆ ಹಾಸುವ ಖರ್ಚಿನ ಮುಂದೆ ಇದು ಏನೂ ಅಲ್ಲ. ಅತ್ತೆಯವರನ್ನೂ ಒಂದು ಮಾತು ಕೇಳಿ. ಏಪ್ರಿಲ್ ಮಧ್ಯಾಹ್ನ ಅವರು ಮಲಗುವುದು ಅದೇ ತಣ್ಣನೆಯ ನೆಲದ ಮೇಲೆ ಇರಬಹುದು.

ಕೆಳಗಿನ ನೆಲಕ್ಕೆ ಏನು ಮಾಡುವುದು? ಪಾಲಿಶ್ ಮಾಡಿಸಿ. ಮೊಸಾಯಿಕ್ ಎಂದರೆ ಸಿಮೆಂಟಿನಲ್ಲಿ ಕೂರಿಸಿದ ಅಮೃತಶಿಲೆಯ ಚೂರು, ಮೇಲಿನ ಮಂಕು ಪದರವನ್ನು ಯಂತ್ರದಿಂದ ಉಜ್ಜಿದರೆ ಒಳಗಿನ ಬಣ್ಣ ಮತ್ತೆ ಬರುತ್ತದೆ. ಕೂದಲೆಳೆಯ ಬಿರುಕಿಗೆ ಬಣ್ಣ ಬೆರೆಸಿದ ಬಿಳಿ ಸಿಮೆಂಟ್ ತುಂಬುತ್ತಾರೆ. ಬಿರುಕು ಅಗಲವಾಗುತ್ತಿದ್ದರೆ ಅಥವಾ ಅದರ ಎರಡು ಬದಿ ಮೇಲೆ ಕೆಳಗೆ ಆಗಿದ್ದರೆ ಮಾತ್ರ ಎಂಜಿನಿಯರಿಗೆ ತೋರಿಸಿ. ಪಾಲಿಶ್ ಕೆಲಸ ನಡೆಯುವಾಗ ಮನೆ ತುಂಬ ಕೆಸರು, ಗೋಡೆಗೂ ಸಿಡಿಯುತ್ತದೆ, ಸಾಮಾನು ಹೊರಗೆ ಸಾಗಿಸಬೇಕು. ಅತ್ತೆಯವರನ್ನು ಆ ಕೆಲವು ದಿನ ನೆಂಟರ ಮನೆಯಲ್ಲಿ ಬಿಡುವುದು ವಾಸಿ. ಕನ್ನಡಿಯಂತೆ ಹೊಳೆಯಬೇಕು ಎಂದು ಕೇಳಬೇಡಿ. ಹೆಚ್ಚು ಹೊಳಪು ಎಂದರೆ ಹೆಚ್ಚು ಜಾರು.

ಮೇಲಿನ ರೂಮುಗಳಿಗೆ ಬರೋಣ. ಅಲ್ಲಿ ಮಗ, ಸೊಸೆ ಬಂದಾಗ ಇರುತ್ತಾರೆ, ನೀರು ಸುರಿಯುವ ಅಭ್ಯಾಸವಿಲ್ಲ, ಭೂಮಿಯ ತೇವ ಅಲ್ಲಿಗೆ ಏರದು. ಮಲೆನಾಡಿನ ಹಳೇ ಮನೆಗಳಲ್ಲೂ ಹಲಗೆ ಇದ್ದದ್ದು ಮುಚ್ಚಿಗೆಯಾಗಿ, ಉಪ್ಪರಿಗೆಯ ನೆಲವಾಗಿ. ಕೆಳಗೆ ಸಗಣಿ ಸಾರಿಸಿದ ನೆಲವೋ ಗಾರೆಯೋ ಇರುತ್ತಿತ್ತು. ಅವರ ಲೆಕ್ಕ ಸರಿಯಾಗಿಯೇ ಇತ್ತು.

ಆದರೂ ಮೊದಲು ತಾರಸಿ ನೋಡಿ. ಈ ಮಳೆಗಾಲ ಪೂರ್ತಿ ಕಳೆಯಲಿ. ಸೂರಿನಲ್ಲಿ ಎಲ್ಲಾದರೂ ಕಲೆ ಕಂಡರೆ, ಕಿಟಕಿಯಿಂದ ಎರಚಲು ಒಳಗೆ ಬಂದರೆ ಅದನ್ನು ರಿಪೇರಿ ಮಾಡಿಸಿದ ಮೇಲೇ ಹಲಗೆಯ ಮಾತು. ದೀಪಾವಳಿ ಕಳೆದು ಗಾಳಿ ತೀರಾ ಒದ್ದೆಯೂ ಅಲ್ಲದ, ತೀರಾ ಒಣಗಿಯೂ ಇಲ್ಲದ ಹೊತ್ತು ಈ ಕೆಲಸಕ್ಕೆ ಒಳ್ಳೆಯದು. ಹಲಗೆಯ ಬಾಕ್ಸ್‌ಗಳನ್ನು ಎರಡು ದಿನ ಮೊದಲೇ ತರಿಸಿ, ಒಡೆಯದೆ, ಅದೇ ರೂಮಿನಲ್ಲಿ ಮಲಗಿಸಿಡಬೇಕು. ಲಾರಿಯಿಂದ ಇಳಿಸಿದ ಕೂಡಲೇ ಜೋಡಿಸಲು ಕೂತರೆ ತಡೆಯಿರಿ.

ನೆಲದ ಮಟ್ಟ ನೋಡಿಸಿ. ಗಾರೆಯವರ ಬಳಿ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ಇರುತ್ತದೆ. ಎರಡು ಮೀಟರ್ ಉದ್ದದಲ್ಲಿ ಅದರಡಿ ಮೂರು ಮಿಲಿಮೀಟರಿಗಿಂತ ಹೆಚ್ಚು ಸಂದು ಕಾಣಬಾರದು. ಒಂದೇ ಸಮನೆ ಇಳಿಜಾರಿದ್ದರೆ ಚಿಂತೆಯಿಲ್ಲ. ತಗ್ಗು ದಿಣ್ಣೆ ಇದ್ದರೆ ಹಲಗೆ ಅಲ್ಲಿ ಕುಣಿಯುತ್ತದೆ, ಟಕಟಕ ಸದ್ದು ಬರುತ್ತದೆ, ಕೊನೆಗೆ ಸಂದಿನ ಕೊಕ್ಕೆ ಮುರಿಯುತ್ತದೆ. ಸಮ ಮಾಡಿಸುವ ಖರ್ಚು ಕೊಟೇಶನ್‌ನಲ್ಲಿ ಇರುವುದಿಲ್ಲ. ಫೋಮು, ಸ್ಕರ್ಟಿಂಗ್, ಬಾಗಿಲ ಪಟ್ಟಿ, ಬಾಗಿಲಿನ ಅಡಿ ಕೊಯ್ಯುವ ಕೂಲಿ, ತೆರಿಗೆ ಇವೂ ಹಲವು ಸಲ ಇರುವುದಿಲ್ಲ. ಚದರಡಿಗೆ ಇಷ್ಟು ಎಂದು ಹೇಳಿದ ದರವನ್ನು ನಂಬದೆ ಎಲ್ಲ ಸೇರಿ ರೂಮಿಗೆ ಎಷ್ಟು ಎಂದು ಬರೆಸಿಕೊಳ್ಳಿ. ಒಂದೇ ದಿನದಲ್ಲಿ ಮುಗಿಯುತ್ತೆ ಎಂಬುದು ನೆಲ ಸಮವಾಗಿದ್ದ, ಬಾಗಿಲು ಕೊಯ್ಯಬೇಕಿಲ್ಲದ ರೂಮಿನ ಮಾತು.

ಮಲಗುವ ರೂಮಿಗೆ ಲ್ಯಾಮಿನೇಟ್ ಸಾಕು. ಎಂಟು ಮಿಲಿಮೀಟರ್ ದಪ್ಪ, ಸವೆತದ ದರ್ಜೆ ಎಸಿ3 ಅಥವಾ ಎಸಿ4 ಇರಲಿ. ಎಸಿ5 ಅಂಗಡಿ, ಆಫೀಸುಗಳಿಗೆ. ನಿಮ್ಮ ಮಗನಿಗೆ ಅದನ್ನು ಮಾರಲು ನೋಡಿದರೆ ದುಡ್ಡು ಉಳಿಸಿಕೊಳ್ಳಲಿ. ಬಾಕ್ಸಿನ ಮೇಲೆ ಇ1 ಎಂಬ ಗುರುತು ಇರಲೇಬೇಕು. ಹಲಗೆಯ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ, ಅದು ಮಿತಿಯಲ್ಲಿದೆ ಎನ್ನುವುದಕ್ಕೆ ಯುರೋಪಿನ ಗುರುತು ಅದು. 2015ರಲ್ಲಿ ಅಮೆರಿಕದಲ್ಲಿ ಚೀನಾದಿಂದ ಬಂದ ಕೆಲವು ಲ್ಯಾಮಿನೇಟ್ ಹಲಗೆಗಳಲ್ಲಿ ಈ ಅನಿಲ ಅಲ್ಲಿಯ ಮಿತಿ ಮೀರಿದೆ ಎಂದು ದೊಡ್ಡ ಗದ್ದಲವೇ ಆಗಿತ್ತು. ಹಾಸಿದ ಮೇಲೆ ಕೆಲವು ದಿನ ಕಿಟಕಿ ತೆರೆದಿಟ್ಟು ಆಮೇಲೆ ಅಲ್ಲಿ ಮಲಗಿ. ಎಂಜಿನಿಯರ್ಡ್ ವುಡ್ ನೋಡಲು ಚೆಂದ, ಮೇಲಿನ ಮರ ದಪ್ಪವಿದ್ದರೆ ಒಂದೆರಡು ಸಲ ಉಜ್ಜಿ ಹೊಸದು ಮಾಡಬಹುದು. ವರ್ಷಕ್ಕೆ ಕೆಲವೇ ವಾರ ಬಾಗಿಲು ತೆರೆಯುವ ರೂಮಿಗೆ ಅಷ್ಟು ಖರ್ಚು ಬೇಕೆ ಎಂದು ಮಗನೇ ಯೋಚಿಸಲಿ.

ಬೀರು ಎಲ್ಲಿಡುತ್ತೀರಿ ಎಂಬುದೂ ಮುಖ್ಯ. ಬಟ್ಟೆ, ಪಾತ್ರೆ ತುಂಬಿದ ಎರಡು ಉಕ್ಕಿನ ಬೀರುಗಳನ್ನು ಎದುರುಬದುರು ಗೋಡೆಗೆ ಇಟ್ಟರೆ ಹಲಗೆಯ ಎರಡೂ ಕೊನೆ ಅದುಮಿದಂತಾಗಿ, ಹಿಗ್ಗಲು ಕುಗ್ಗಲು ಆಗದೆ ನಡುವಿನ ಸಂದು ಬಾಯಿ ಬಿಡುತ್ತದೆ. ಭಾರ ಎಲ್ಲ ಒಂದೇ ಬದಿಗಿರಲಿ. ಗೋಡೆಗೆ ಕೂರಿಸುವ ವಾರ್ಡ್‌ರೋಬ್ ಮಾಡಿಸುವುದಿದ್ದರೆ ಅದನ್ನು ಮೊದಲು ಕೂರಿಸಿ, ಹಲಗೆಯನ್ನು ಅದರ ಮುಂದಕ್ಕೆ ನಿಲ್ಲಿಸಿ. ಬಾಗಿಲಿನ ಸ್ಟಾಪರ್ ಅನ್ನು ಹಲಗೆಗೆ ಸ್ಕ್ರೂ ಹಾಕಿ ಕೂರಿಸಲು ಬಿಡಬೇಡಿ, ಒಂದು ಸ್ಕ್ರೂ ಸಾಕು ಇಡೀ ಹಾಸು ಕಟ್ಟಿಹೋಗಲು. ಮೇಲಿನ ರೂಮು ಒರೆಸುವಾಗ ಬಕೆಟ್ ಕೆಳಗೇ ಇರಲಿ. ಚೆನ್ನಾಗಿ ಹಿಂಡಿದ ಬಟ್ಟೆ ಸಾಕು. ಫಿನಾಯಿಲು, ಆಸಿಡ್ಡು ಬೇಡ. ಕೆಲಸಕ್ಕೆ ಬರುವವರಿದ್ದರೆ ಅವರಿಗೂ ಹೇಳಿಡಿ.

ಮಗನ ಬೇಜಾರಿನ ವಿಷಯಕ್ಕೆ ನನ್ನ ಬಳಿ ಉಪದೇಶವಿಲ್ಲ, ಒಂದು ಕೆಲಸವಿದೆ. ಅಂಗಡಿಯಿಂದ ತಾನು ಆರಿಸಿದ ಹಲಗೆಯ ಒಂದು ಸಣ್ಣ ತುಂಡು ಕತ್ತರಿಸಿ ತರಲು ಹೇಳಿ, ಕೇಳಿದರೆ ಸ್ಯಾಂಪಲ್ ಕೊಡುತ್ತಾರೆ. ಅದರ ದಪ್ಪವನ್ನು ಅಳೆದು ಬರೆದಿಟ್ಟು, ರಾತ್ರಿಯೆಲ್ಲ ನೀರಿನಲ್ಲಿ ಮುಳುಗಿಸಿಡಿ. ಬೆಳಗ್ಗೆ ಮತ್ತೆ ಅಳೆಯಲಿ. ಕತ್ತರಿಸಿದ ಅಂಚಿನಿಂದ ನೀರು ನೇರ ಒಳಗಿಳಿಯುವುದರಿಂದ ಇದು ಕಠಿಣ ಪರೀಕ್ಷೆಯೇ. ಆದರೆ ವಾರವಾರ ತೊಳೆಯುವ ನೆಲಕ್ಕೆ ಅಷ್ಟು ಕಠಿಣ ಪರೀಕ್ಷೆಯೇ ಬೇಕು. ಅಳತೆ ಮಗನ ಕೈಯಿಂದಲೇ ಆಗಲಿ. ಕೆಳಗಿನ ಮನೆಗೆ ಪಾಲಿಶ್, ಮೇಲಿನ ರೂಮಿಗೆ ಅವರಿಬ್ಬರು ಆರಿಸಿದ ಹಲಗೆ ಎಂದು ನೀವು ಆಮೇಲೆ ಹೇಳಿ. ಅಷ್ಟಕ್ಕೂ ಒಪ್ಪದೆ ಕೆಳಗೂ ಹಾಕಿಸಲೇಬೇಕು ಎಂದು ಹಟ ಹಿಡಿದರೆ, ಹಾಕಿಸಿದ ಮೇಲೆ ಆರು ತಿಂಗಳು ನೆಲ ಒರೆಸುವ ಕೆಲಸವನ್ನು ಅವನೇ ವಹಿಸಿಕೊಳ್ಳಲಿ ಎಂಬ ಷರತ್ತನ್ನು ಕೊಟೇಶನ್‌ನ ಹಿಂಬದಿ ಬರೆಸಿಕೊಳ್ಳಿ.